ಹದಿಮೂರು ತಂಡಗಳ ಲೆಕ್ಕ

2023ರ ಜೂನ್‌ನಲ್ಲಿ ಡೆನ್ವರ್ ನಗೆಟ್ಸ್ ತಂಡ ಮಯಾಮಿ ಹೀಟ್ ತಂಡವನ್ನು 4–1ರಿಂದ ಮಣಿಸಿ ಎನ್‌ಬಿಎ ಪ್ರಶಸ್ತಿ ಗೆದ್ದಿತು. 1976ರಲ್ಲಿ ಈ ಲೀಗಿಗೆ ಬಂದು ಸೇರಿದ ಡೆನ್ವರ್‌ಗೆ ಅದೇ ಮೊದಲ ಪ್ರಶಸ್ತಿ. ಆ ಫೈನಲ್ಸ್‌ನ ಮಾತು ಬಂದಾಗಲೆಲ್ಲ ನಿಕೋಲಾ ಯೋಕಿಚ್ ಹೆಸರೇ ಮೊದಲು ಬರುತ್ತದೆ, ಅದು ಸರಿಯೇ. ಆದರೆ ಬಾಸ್ಕೆಟ್‌ಬಾಲ್ ವೃತ್ತಿಯನ್ನು ಕುರಿತು ಯೋಚಿಸುವವರಿಗೆ ಆ ಸರಣಿಯಲ್ಲಿ ಹೆಚ್ಚು ಸಿಗುವುದು ಅಂಗಳದ ಹೊರಗೆ. ಎರಡೂ ಬೆಂಚುಗಳಲ್ಲಿ ಬಹುಪಾಲು ಸಮಯ ಕುಳಿತೇ ಕಳೆದ ಇಬ್ಬರು ಹಿರಿಯರಿದ್ದರು. ಮಯಾಮಿಯ ಕಡೆ ಯುಡೊನಿಸ್ ಹ್ಯಾಸ್ಲೆಮ್, ಡೆನ್ವರ್ ಕಡೆ ಇಶ್ ಸ್ಮಿತ್. ಡ್ರಾಫ್ಟ್‌ನಲ್ಲಿ ಇಬ್ಬರನ್ನೂ ಯಾವ ತಂಡವೂ ಆರಿಸಿರಲಿಲ್ಲ, ಇಬ್ಬರೂ ಹಿಂಬಾಗಿಲಿನಿಂದಲೇ ಒಳಗೆ ಬಂದವರು. ಹ್ಯಾಸ್ಲೆಮ್ ತಮ್ಮ 20 ಋತುಗಳನ್ನೂ ಮಯಾಮಿಯಲ್ಲೇ ಕಳೆದರು. ಸ್ಮಿತ್‌ಗೆ ಅದು 13ನೇ ಋತು, ಡೆನ್ವರ್ 13ನೇ ತಂಡ. ಅಲ್ಲಿಯವರೆಗೆ ಯಾರೂ 12ಕ್ಕಿಂತ ಹೆಚ್ಚು ಎನ್‌ಬಿಎ ತಂಡಗಳಿಗೆ ಆಡಿರಲಿಲ್ಲ. 2024ರ ಜನವರಿಯಲ್ಲಿ ಮಯಾಮಿ ಹ್ಯಾಸ್ಲೆಮ್ ಅವರ 40ನೇ ನಂಬರಿನ ಜೆರ್ಸಿಯನ್ನು ಇನ್ನಾರಿಗೂ ಕೊಡದಂತೆ ಕ್ರೀಡಾಂಗಣದ ಛಾವಣಿಗೆ ಏರಿಸಿತು. ಸ್ಮಿತ್‌ಗೆ ಅಂಥ ಛಾವಣಿ ಎಲ್ಲೂ ಇಲ್ಲ. ಅವರ ಇಡೀ ವೃತ್ತಿಜೀವನಕ್ಕೆ ಉಳಿದಿರುವುದು 13 ಎಂಬ ಒಂದು ಅಂಕಿ.

ಕ್ರೀಡೆಯ ನೆನಪು ಊರುಗಳ ಆಸ್ತಿ. ಯಾರು ಎಷ್ಟು ವರ್ಷ ನಮ್ಮಲ್ಲಿದ್ದರು, ಯಾವ ಪಂದ್ಯ ಗೆಲ್ಲಿಸಿದರು ಎಂಬುದನ್ನು ಆಯಾ ಊರಿನ ಅಭಿಮಾನಿ ಕಾಯ್ದಿಟ್ಟುಕೊಳ್ಳುತ್ತಾನೆ, ಆಯಾ ಊರಿನ ಪತ್ರಿಕೆ ಬರೆದಿಡುತ್ತದೆ. ಊರಿಂದೂರಿಗೆ ಅಲೆದವನ ನೆನಪು ಯಾರ ಪಾಲಿಗೂ ಪೂರ್ತಿ ಬರುವುದಿಲ್ಲ. ಹೂಸ್ಟನ್‌ಗೆ ಗೊತ್ತಿರುವ ಸ್ಮಿತ್ ಬೇರೆ, ಡೆಟ್ರಾಯ್ಟ್‌ಗೆ ಗೊತ್ತಿರುವ ಸ್ಮಿತ್ ಬೇರೆ. ಹೀಗೆ ಚೂರುಚೂರಾದ ವೃತ್ತಿಯನ್ನು ಒಟ್ಟಿಗೆ ಹಿಡಿಯಲು ಅಂಕಿಯೊಂದೇ ಸಿಗುತ್ತದೆ. ಆ ಅಂಕಿಯನ್ನು ಓದುವವರು ಎರಡು ಗುಂಪು. ಒಂದು ಗುಂಪಿನ ಪ್ರಕಾರ, ಅಷ್ಟು ತಂಡಗಳು ಕೈಬಿಟ್ಟವನಲ್ಲಿ ಏನೋ ಕೊರತೆ ಇದ್ದೇ ಇರಬೇಕು. ಇನ್ನೊಂದು ಗುಂಪು ಅದನ್ನೇ ಛಲದ ಕಥೆ ಮಾಡಿ, ಬಿದ್ದಾಗಲೆಲ್ಲ ಎದ್ದವನು ಎಂದು ಕೊಂಡಾಡುತ್ತದೆ. ನನ್ನ ಪ್ರಕಾರ ಎರಡೂ ಒಂದೇ ತಪ್ಪು ಮಾಡುತ್ತವೆ. ಆ ಅಂಕಿ ಆಟಗಾರನ ಗುಣವನ್ನು ಹೇಳುತ್ತದೆ ಎಂದು ಎರಡೂ ನಂಬಿವೆ. ವಾಸ್ತವದಲ್ಲಿ 13ರ ಬಹುಪಾಲು ಎನ್‌ಬಿಎ ಲೆಕ್ಕಪತ್ರದ ಸೃಷ್ಟಿ. ಸ್ಮಿತ್‌ಗೆ ಸೇರಬೇಕಾದದ್ದು ಬೇರೆಯೇ ಒಂದು ವಿದ್ಯೆ, ಅದು ಯಾವ ಅಂಕಿಯಲ್ಲೂ ನೇರವಾಗಿ ಕಾಣುವುದಿಲ್ಲ. ಅವರ ವೃತ್ತಿಯನ್ನು ನ್ಯಾಯವಾಗಿ ನೆನೆಯಬೇಕಾದರೆ ಇವೆರಡನ್ನೂ ಮೊದಲು ಬೇರ್ಪಡಿಸಬೇಕು.

ಅವರು ನಡೆದ ದಾರಿಯನ್ನು ನೋಡೋಣ. ನಾರ್ತ್ ಕರೊಲೈನಾದ ಶಾರ್ಲೆಟ್‌ನಲ್ಲಿ 1988ರಲ್ಲಿ ಹುಟ್ಟಿದ ಸ್ಮಿತ್, ಅದೇ ರಾಜ್ಯದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿ 2010ರಲ್ಲಿ ಹೂಸ್ಟನ್ ರಾಕೆಟ್ಸ್ ಸೇರಿದರು. 2011ರ ಫೆಬ್ರವರಿಯಲ್ಲಿ ಹೂಸ್ಟನ್ ತನ್ನ ಹಿರಿಯ ಆಟಗಾರ ಶೇನ್ ಬ್ಯಾಟಿಯರ್ ಅವರನ್ನು ಮೆಂಫಿಸ್‌ಗೆ ಕೊಟ್ಟಾಗ ಸ್ಮಿತ್ ಕೂಡ ಜೊತೆಗೆ ಹೋದರು. ಆ ವರ್ಷದ ಕೊನೆಗೆ ಗೋಲ್ಡನ್ ಸ್ಟೇಟ್, ಅಲ್ಲಿ ನೆಲೆ ಕಾಣುವ ಮೊದಲೇ ಆರ್ಲ್ಯಾಂಡೊ. 2013ರ ಫೆಬ್ರವರಿಯಲ್ಲಿ ಆರ್ಲ್ಯಾಂಡೊ ಜೆ.ಜೆ. ರೆಡಿಕ್ ಅವರನ್ನು ಮಿಲ್ವಾಕಿಗೆ ಕೊಟ್ಟಿತು, ಆಗಲೂ ಸ್ಮಿತ್ ಜೊತೆಗೆ. ಆರು ತಿಂಗಳಲ್ಲಿ ಕ್ಯಾರನ್ ಬಟ್ಲರ್‌ಗಾಗಿ ಮಿಲ್ವಾಕಿ ಅವರನ್ನು ಫೀನಿಕ್ಸ್‌ಗೆ ದಾಟಿಸಿತು. ಆಮೇಲೆ ಒಕ್ಲಹೋಮ ಸಿಟಿ. 2015ರಲ್ಲಿ ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಕಳಿಸಿದರು, ಅಲ್ಲಿ ಅಂಗಳಕ್ಕಿಳಿಯುವ ಮೊದಲೇ ಕೈಬಿಟ್ಟರು, ಫಿಲಡೆಲ್ಫಿಯಾ ಎತ್ತಿಕೊಂಡಿತು. ಅದೇ ವರ್ಷದ ಶರತ್ಕಾಲದಲ್ಲಿ ಅವರು ಆಡಿದ್ದು ಮತ್ತೆ ಅದೇ ನ್ಯೂ ಆರ್ಲಿಯನ್ಸ್‌ಗೆ, ಡಿಸೆಂಬರ್ ಮುಗಿಯುವಷ್ಟರಲ್ಲಿ ಮತ್ತೆ ಫಿಲಡೆಲ್ಫಿಯಾ. ಬಳಿಕ ಡೆಟ್ರಾಯ್ಟ್, ವಾಷಿಂಗ್ಟನ್, ಹುಟ್ಟೂರು ಶಾರ್ಲೆಟ್. 2022ರ ಫೆಬ್ರವರಿಯಲ್ಲಿ ಮಾಂಟ್ರೆಜ್ಲ್ ಹ್ಯಾರೆಲ್‌ಗಾಗಿ ಶಾರ್ಲೆಟ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟಿತು. ಜುಲೈನಲ್ಲಿ ವಾಷಿಂಗ್ಟನ್ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ ಜೊತೆಗೆ ಡೆನ್ವರ್‌ಗೆ ಕಳಿಸಿತು. ಕೊನೆಯ ಋತು, 2023–24, ಮತ್ತೆ ಶಾರ್ಲೆಟ್‌ನಲ್ಲಿ. ಈ ಪಟ್ಟಿಯಲ್ಲಿ ಎದ್ದು ಕಾಣುವುದು ಬ್ಯಾಟಿಯರ್, ರೆಡಿಕ್, ಬಟ್ಲರ್, ಹ್ಯಾರೆಲ್, ಕಾಲ್ಡ್‌ವೆಲ್-ಪೋಪ್ ಎಂಬ ಹೆಸರುಗಳು. ಐದೂ ಅದಲುಬದಲುಗಳು ನಡೆದದ್ದು ಅವರಿಗಾಗಿ. ಸ್ಮಿತ್ ಹೆಸರು ಒಪ್ಪಂದದ ಎರಡನೆಯ ಸಾಲಿನಲ್ಲಿತ್ತು.

ಎರಡನೆಯ ಸಾಲಿಗೆ ಒಬ್ಬ ಆಟಗಾರ ಹೇಗೆ ಬರುತ್ತಾನೆ ಎಂಬುದಕ್ಕೆ ಉತ್ತರ ಲೀಗಿನ ನಿಯಮಗಳಲ್ಲಿದೆ. 1984–85ರ ಋತುವಿನಿಂದ ಎನ್‌ಬಿಎಯಲ್ಲಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಒಂದು ಮಿತಿ ಇದೆ. ಮಿತಿ ದಾಟಿದ ತಂಡ ಆಟಗಾರರನ್ನು ಅದಲುಬದಲು ಮಾಡುವಾಗ, ಕಳಿಸುವ ಸಂಬಳಕ್ಕೂ ಬರಮಾಡಿಕೊಳ್ಳುವ ಸಂಬಳಕ್ಕೂ ಹೆಚ್ಚುಕಡಿಮೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ತಕ್ಕಡಿಗೆ ಇನ್ನೊಬ್ಬನನ್ನು ಹಾಕುತ್ತಾರೆ. ಋತುವಿನಲ್ಲಿ ಸಾಮಾನ್ಯ ಕರಾರಿನ ಮೇಲೆ ಇರಬಹುದಾದವರು 15 ಮಂದಿ, ಆದ್ದರಿಂದ ಇಬ್ಬರನ್ನು ತರಿಸಿಕೊಂಡರೆ ಇಬ್ಬರನ್ನು ಕಳಿಸಲೇಬೇಕಾಗಬಹುದು. ಖಾತ್ರಿಯಿಲ್ಲದ ಕರಾರುಗಳೆಲ್ಲ ಜನವರಿ 10ಕ್ಕೆ ಆ ಋತುವಿನ ಮಟ್ಟಿಗೆ ಖಾತ್ರಿಯಾಗುತ್ತವೆ, ಹಾಗಾಗಿ ಅದಕ್ಕೂ ಕೆಲವು ದಿನ ಮೊದಲು ಹಲವರು ಕೆಲಸ ಕಳೆದುಕೊಳ್ಳುತ್ತಾರೆ. ಜನವರಿ 5ರಿಂದ ಹತ್ತು ದಿನಗಳ ಕರಾರು ಶುರು. ಒಂದು ತಂಡ ಒಬ್ಬನಿಗೆ ಒಂದು ಋತುವಿನಲ್ಲಿ ಎರಡು ಸಲ ಮಾತ್ರ ಅದನ್ನು ಕೊಡಬಹುದು, ಆಮೇಲೆ ಋತು ಮುಗಿಯುವವರೆಗೆ ಇಟ್ಟುಕೊಳ್ಳಬೇಕು ಅಥವಾ ಬಿಟ್ಟುಬಿಡಬೇಕು. ಹಿರಿಯ ಆಟಗಾರನ ಕನಿಷ್ಠ ಸಂಬಳ ಹೆಚ್ಚು. ಆದರೆ ಕರಾರು ಒಂದೇ ವರ್ಷದ್ದಾದರೆ ಅದರ ಒಂದು ಭಾಗವನ್ನು ಲೀಗೇ ಭರಿಸುತ್ತದೆ, ಆದ್ದರಿಂದ ಅನುಭವಿಗಳಿಗೆ ತಂಡಗಳು ಒಂದೊಂದೇ ವರ್ಷದ ಕರಾರು ಕೊಡುವುದು ರೂಢಿ. ಇದು ನಮ್ಮ ಸರ್ಕಾರಿ ನೌಕರರ ವರ್ಗಾವಣೆಯಂತೆಯೇ. ಆದೇಶ ಬಂದರೆ ಸಂಬಳ, ಸೇವಾ ಪುಸ್ತಕ ಎಲ್ಲ ಹಿಂದೆಯೇ ಬರುತ್ತವೆ, ಅವನನ್ನು ಕೇಳಿ ಯಾರೂ ಆದೇಶ ಬರೆದಿರುವುದಿಲ್ಲ. ವರ್ಗಾವಣೆಗಳ ಪಟ್ಟಿ ನೋಡಿ ನೌಕರನ ಕೆಲಸದ ಬಗ್ಗೆ ತೀರ್ಪು ಕೊಡಲಾಗದು. ಇಲ್ಲಿಯೂ ಅಷ್ಟೆ.

ಇದು ಬರೀ ಊಹೆ ಎನ್ನುವವರಿಗೆ ಸ್ಮಿತ್ ಅವರ ವೃತ್ತಿಯೇ ಪುರಾವೆ ಒದಗಿಸುತ್ತದೆ. ಅವರ 14 ಋತುಗಳನ್ನು ಮೂರು ಭಾಗ ಮಾಡಿ ನೋಡಿ. 2010ರಿಂದ 2016ರವರೆಗಿನ ಮೊದಲ ಆರು ಋತುಗಳಲ್ಲಿ ಒಂಬತ್ತು ತಂಡ. 2016ರಿಂದ 2021ರವರೆಗಿನ ಐದು ಋತುಗಳಲ್ಲಿ ಎರಡೇ ತಂಡ. ಕೊನೆಯ ಮೂರು ಋತುಗಳಲ್ಲಿ ಎರಡು ಹೊಸ ತಂಡ. ನಡುವಿನ ಐದು ವರ್ಷ ಅವರು ಒಂದೆಡೆ ನಿಂತದ್ದಕ್ಕೆ ಸ್ವಭಾವ ಬದಲಾದದ್ದು ಕಾರಣವಲ್ಲ. 2016ರಲ್ಲಿ ಡೆಟ್ರಾಯ್ಟ್ ಅವರಿಗೆ ಮೂರು ವರ್ಷಕ್ಕೆ 1.8 ಕೋಟಿ ಡಾಲರ್ ಕರಾರು ಕೊಟ್ಟಿತು, ಮೂರೂ ವರ್ಷ ಅವರು ಅಲ್ಲೇ ಇದ್ದರು. 2019ರಲ್ಲಿ ವಾಷಿಂಗ್ಟನ್ ಎರಡು ವರ್ಷಕ್ಕೆ 1.2 ಕೋಟಿ ಡಾಲರ್ ಕೊಟ್ಟಿತು, ಎರಡೂ ವರ್ಷ ಅಲ್ಲೇ ಆಡಿದರು. ಕರಾರು ಉದ್ದವಾದಾಗ ವಾಸ ಉದ್ದವಾಯಿತು, ಮತ್ತೆ ಗಿಡ್ಡವಾದಾಗ ಅಲೆದಾಟ ಶುರುವಾಯಿತು. ಡೆಟ್ರಾಯ್ಟ್‌ನಲ್ಲಿ ಮುಖ್ಯ ಪಾಯಿಂಟ್ ಗಾರ್ಡ್ ರೆಜಿ ಜಾಕ್ಸನ್ ಗಾಯಗೊಂಡಾಗಲೆಲ್ಲ ತಂಡವನ್ನು ನಡೆಸಿದ್ದು ಸ್ಮಿತ್. ಮೂರು ವರ್ಷ ನಂಬಿಕೆಗೆ ಯೋಗ್ಯನಾಗಿದ್ದ ಆಟಗಾರ ಅದಕ್ಕೆ ಹಿಂದಿನ ಆರು ವರ್ಷ ನೆಲೆನಿಲ್ಲದವನಾಗಿದ್ದ ಎಂದರೆ ನಂಬುವುದು ಕಷ್ಟ. ಬದಲಾದದ್ದು ಕಾಗದದ ಮೇಲಿನ ಅವಧಿ.

ಮೊದಲ ಆಕ್ಷೇಪ ಎಲ್ಲರಿಗೂ ಹೊಳೆಯುವಂಥದು. ನಿಜಕ್ಕೂ ಒಳ್ಳೆಯ ಆಟಗಾರನಾಗಿದ್ದರೆ ಯಾರಾದರೂ ಉಳಿಸಿಕೊಳ್ಳುತ್ತಿರಲಿಲ್ಲವೆ? ಸ್ಮಿತ್‌ಗಿಂತ ಮೊದಲು 12 ತಂಡಗಳ ದಾಖಲೆ ನಾಲ್ವರ ಹೆಸರಿನಲ್ಲಿತ್ತು: ಚಕಿ ಬ್ರೌನ್, ಟೋನಿ ಮ್ಯಾಸೆನ್‌ಬರ್ಗ್, ಜಿಮ್ ಜಾಕ್ಸನ್, ಜೋ ಸ್ಮಿತ್. ಇವರಲ್ಲಿ ಜೋ ಸ್ಮಿತ್ 1995ರ ಡ್ರಾಫ್ಟ್‌ನ ಮೊದಲ ಆಯ್ಕೆ, ಕೆವಿನ್ ಗಾರ್ನೆಟ್‌ಗಿಂತ ನಾಲ್ಕು ಸ್ಥಾನ ಮುಂದೆ. ಜಿಮ್ ಜಾಕ್ಸನ್ 1992ರ ನಾಲ್ಕನೆಯ ಆಯ್ಕೆ, 1994–95ರಲ್ಲಿ ಡಲ್ಲಾಸ್‌ಗಾಗಿ ಪಂದ್ಯಕ್ಕೆ ಸರಾಸರಿ 25.7 ಅಂಕ ಗಳಿಸಿದವರು. ಪ್ರತಿಭೆಯ ಕೊರತೆ ಎಂಬ ವಿವರಣೆ ಇವರಿಬ್ಬರ ಹತ್ತಿರವೂ ಸುಳಿಯಲಾರದು. ಜೋ ಸ್ಮಿತ್ 2000ದಲ್ಲಿ ಮಿನ್ನೆಸೋಟ ಬಿಡಬೇಕಾಗಿ ಬಂದದ್ದಂತೂ ನೇರವಾಗಿ ಲೆಕ್ಕಪತ್ರದ ಕಾರಣಕ್ಕೇ. ಸಂಬಳದ ಮಿತಿಯನ್ನು ತಪ್ಪಿಸಿಕೊಳ್ಳಲು ಅವರೊಂದಿಗೆ ಮಾಡಿಕೊಂಡಿದ್ದ ಗುಪ್ತ ಒಪ್ಪಂದ ಬಯಲಾದಾಗ ಲೀಗ್ ತಂಡಕ್ಕೆ 35 ಲಕ್ಷ ಡಾಲರ್ ದಂಡ ಹಾಕಿ, ಡ್ರಾಫ್ಟ್ ಹಕ್ಕುಗಳನ್ನು ಕಿತ್ತುಕೊಂಡು, ಅವರ ಕರಾರನ್ನೇ ರದ್ದು ಮಾಡಿತು. ಚಕಿ ಬ್ರೌನ್ ಕಥೆ ಇನ್ನೂ ಸ್ಪಷ್ಟ. 1994–95ರಲ್ಲಿ ಕೆಳದರ್ಜೆಯ ಲೀಗೊಂದರಿಂದ ಹೂಸ್ಟನ್‌ಗೆ ಬಂದ ಅವರು ಅದೇ ಋತುವಿನಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಪ್ಲೇಆಫ್‌ಗೆ ಆರನೇ ಶ್ರೇಯಾಂಕದಲ್ಲಿ ಹೊಕ್ಕು ಪ್ರಶಸ್ತಿ ಗೆದ್ದ ತಂಡ ಅದೊಂದೇ. ಮರುವರ್ಷ ಬ್ರೌನ್ ಆರಂಭಿಕ ಐವರಲ್ಲಿ ಸ್ಥಾನ ಪಡೆದರು. 1996ರ ಆಗಸ್ಟ್‌ನಲ್ಲಿ ಚಾರ್ಲ್ಸ್ ಬಾರ್ಕ್ಲಿಯನ್ನು ತರಿಸಿಕೊಳ್ಳಲು ಹೂಸ್ಟನ್ ಫೀನಿಕ್ಸ್‌ಗೆ ಕೊಟ್ಟ ನಾಲ್ವರಲ್ಲಿ ಸ್ಯಾಮ್ ಕಸೆಲ್, ರಾಬರ್ಟ್ ಹೋರಿ, ಮಾರ್ಕ್ ಬ್ರಯಂಟ್ ಜೊತೆಗೆ ಬ್ರೌನ್ ಕೂಡ ಇದ್ದರು. ಅವರು ಆಟದಲ್ಲಿ ಸೋತದ್ದಕ್ಕೆ ಹೋಗಲಿಲ್ಲ, ಬಾರ್ಕ್ಲಿಯ ಬೆಲೆಗೆ ತೂಗಬೇಕಾಗಿತ್ತು, ಹೋದರು.

ಹಾಗೆಂದು ಇಶ್ ಸ್ಮಿತ್‌ರಲ್ಲಿ ಕೊರತೆಯೇ ಇರಲಿಲ್ಲ ಎಂದರೆ ವಾದ ಹಳಿ ತಪ್ಪುತ್ತದೆ. ಆರಡಿ ಎತ್ತರದ ಅವರಿಗೆ ದೂರದ ಹೊಡೆತ ಎಂದೂ ನಂಬಿಕಸ್ತ ಅಸ್ತ್ರವಾಗಲಿಲ್ಲ. ಅವರು ಆಡಿದ ವರ್ಷಗಳಲ್ಲೇ ಇಡೀ ಲೀಗ್ ಮೂರು ಅಂಕದ ಗೆರೆಯ ಹೊರಗಿನಿಂದ ಹೊಡೆಯುವುದಕ್ಕೆ ಹೊರಳಿತು. ಚೆಂಡು ಹಿಡಿದವನಿಗೆ ಆ ಹೊಡೆತ ಇಲ್ಲದಿದ್ದರೆ ಎದುರಾಳಿ ರಕ್ಷಕ ಹಿಂದೆ ಸರಿದು ನಿಂತು ಒಳಗಿನ ದಾರಿ ಮುಚ್ಚುತ್ತಾನೆ. ಸ್ಮಿತ್ ಯಾವ ತಂಡದಲ್ಲೂ ಕಾಯಂ ಮೊದಲ ಆಯ್ಕೆಯಾಗದೆ ಹೆಚ್ಚಾಗಿ ಮೀಸಲು ಪಾಯಿಂಟ್ ಗಾರ್ಡ್ ಆಗಿಯೇ ಉಳಿದದ್ದಕ್ಕೆ ಇದು ಸಾಕಷ್ಟು ಕಾರಣ. ಆದರೆ ಇದು ಮೀಸಲು ಸ್ಥಾನವನ್ನು ವಿವರಿಸುತ್ತದೆಯೇ ಹೊರತು 13 ಎಂಬ ಅಂಕಿಯನ್ನು ವಿವರಿಸುವುದಿಲ್ಲ. ಹ್ಯಾಸ್ಲೆಮ್ ಕೊನೆಯ ಏಳೆಂಟು ವರ್ಷ ಅಂಗಳಕ್ಕೆ ಇಳಿದದ್ದೇ ಅಪರೂಪ, ಆದರೂ ಮಯಾಮಿ ಅವರನ್ನು ಬಿಡಲಿಲ್ಲ. ಸಂಬಳ ಕಡಿಮೆಯಾದರೂ ಅದೇ ತಂಡದಲ್ಲಿ ಇರುತ್ತೇನೆ ಎಂದು 2010ರಲ್ಲಿ ಅವರು ಒಪ್ಪಿದ್ದು, ಅದನ್ನು ಮರೆಯದ ಆಡಳಿತ, ಮೂರು ಪ್ರಶಸ್ತಿಗಳ ಋಣ, ಎಲ್ಲ ಸೇರಿ ಅದು ಸಾಧ್ಯವಾಯಿತು. ಒಂದೇ ಊರಿನಲ್ಲಿ ಉಳಿಯುವುದಕ್ಕೂ ಅದೃಷ್ಟ ಮತ್ತು ವ್ಯವಸ್ಥೆ ಎರಡೂ ಕೂಡಿ ಬರಬೇಕು. ಉಳಿದವನ ವಿಷಯದಲ್ಲಿ ನಾವು ಅದನ್ನು ನಿಷ್ಠೆ ಎನ್ನುತ್ತೇವೆ, ಅಲೆದವನ ವಿಷಯದಲ್ಲಿ ಕೊರತೆ ಎನ್ನುತ್ತೇವೆ.

ಇನ್ನು ಸ್ಮಿತ್‌ಗೆ ಸೇರಬೇಕಾದ ಆ ವಿದ್ಯೆ. ಹೊಸ ತಂಡಕ್ಕೆ ಹೋದ ಆಟಗಾರರಲ್ಲಿ ಪಾಯಿಂಟ್ ಗಾರ್ಡ್‌ನ ಪಾಡು ಎಲ್ಲರಿಗಿಂತ ಕಠಿಣ. ಸೆಂಟರ್ ಆದವನು ಬುಟ್ಟಿಯ ಕೆಳಗೆ ನಿಂತು ಮರುಚೆಂಡು ಹಿಡಿದರೂ ಮೊದಲ ದಿನದ ಕೂಲಿ ಸಂದಾಯವಾಗುತ್ತದೆ. ಪಾಯಿಂಟ್ ಗಾರ್ಡ್ ಉಳಿದ ನಾಲ್ವರಿಗೆ ಈಗ ಯಾವ ಆಟ ಎಂದು ಹೇಳಬೇಕು, ಅದಕ್ಕೆ ಆ ತಂಡದ ಆಟಗಳ ಹೆಸರು, ಕೈಸನ್ನೆ ಎಲ್ಲ ಬಾಯಿಪಾಠವಾಗಿರಬೇಕು. ಎದುರಾಳಿ ಪರದೆ ಹಾಕಿ ದಾರಿ ಅಡ್ಡಗಟ್ಟಿದಾಗ ಒಬ್ಬ ಕೋಚ್‌ಗೆ ದೊಡ್ಡ ಆಟಗಾರ ಹಿಂದೆ ಸರಿಯಬೇಕು, ಇನ್ನೊಬ್ಬ ಕೋಚ್‌ಗೆ ಇಬ್ಬರೂ ಆಳು ಬದಲಿಸಿಕೊಳ್ಳಬೇಕು. ಯಾರಿಗೆ ಚೆಂಡು ಎದೆಮಟ್ಟದಲ್ಲಿ ಬೇಕು, ಯಾರಿಗೆ ನೆಗೆದು ಹಿಡಿಯುವ ಎತ್ತರದಲ್ಲಿ ಬೇಕು, ಯಾರು ಎಡಮೂಲೆಯಿಂದ ಚೆನ್ನಾಗಿ ಹೊಡೆಯುತ್ತಾರೆ, ಯಾರು ಎರಡು ಸಲ ತಪ್ಪಿದರೆ ಕುಗ್ಗುತ್ತಾರೆ, ಇದೆಲ್ಲ ತಿಳಿಯಲು ತಿಂಗಳುಗಳೇ ಬೇಕು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 82 ಪಂದ್ಯ, ನಡುವೆ ಪ್ರಯಾಣ, ಸರಿಯಾದ ಅಭ್ಯಾಸಕ್ಕೆ ದಿನವೇ ಸಿಗುವುದಿಲ್ಲ. ಋತುವಿನ ನಡುವೆ ಬಂದವನು ಇದನ್ನೆಲ್ಲ ಹೋಟೆಲ್ ಕೋಣೆಯಲ್ಲಿ ವಿಡಿಯೊ ನೋಡಿ, ವಿಮಾನದಲ್ಲಿ ಪಕ್ಕದವನನ್ನು ಕೇಳಿ ಕಲಿಯಬೇಕು. ಬಂದು ವಾರದೊಳಗೆ ತಂಡಕ್ಕೆ ಉಪಯೋಗಕ್ಕೆ ಬರುವುದೇ ಒಂದು ಪ್ರತ್ಯೇಕ ವಿದ್ಯೆ. ಒಂದೇ ತಂಡದಲ್ಲಿ 20 ವರ್ಷ ಆಡಿದವರಿಗೆ ಅದನ್ನು ಕಲಿಯುವ ಅಗತ್ಯವೇ ಬೀಳುವುದಿಲ್ಲ.

2015ರ ಡಿಸೆಂಬರ್ ಇದಕ್ಕೆ ಒಳ್ಳೆಯ ಸಾಕ್ಷಿ. ಫಿಲಡೆಲ್ಫಿಯಾ ಆಗ ಮುಂದಿನ ವರ್ಷಗಳ ಡ್ರಾಫ್ಟ್ ಹಕ್ಕುಗಳನ್ನು ಕೂಡಿಹಾಕಿಕೊಳ್ಳುತ್ತ, ಎಳೆಯರನ್ನೇ ಆಡಿಸುತ್ತ, ಸೋಲನ್ನು ಸಹಿಸಿಕೊಂಡಿದ್ದ ತಂಡ. ಮೊದಲ 31 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಚೆಂಡನ್ನು ಮುಂದಕ್ಕೆ ತಂದು ಎಳೆಯ ಸೆಂಟರ್‌ಗಳ ಕೈಗೆ ಸರಿಯಾದ ಜಾಗದಲ್ಲಿ ಮುಟ್ಟಿಸುವವರು ಯಾರೂ ಇರಲಿಲ್ಲ. ಡಿಸೆಂಬರ್ 24ರಂದು ತಂಡ ಎರಡನೇ ಸುತ್ತಿನ ಎರಡು ಡ್ರಾಫ್ಟ್ ಹಕ್ಕುಗಳನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟು ಸ್ಮಿತ್‌ರನ್ನು ವಾಪಸು ಕರೆಸಿಕೊಂಡಿತು. ಒಪ್ಪಂದದ ಮೊದಲ ಸಾಲಿನಲ್ಲಿ ಅವರ ಹೆಸರೇ ಇದ್ದ ಅಪರೂಪದ ಸಂದರ್ಭ ಅದು. ಅಲ್ಲಿ ಅವರು ಆಡಿದ 50 ಪಂದ್ಯಗಳಲ್ಲಿ ಸರಾಸರಿ 14.7 ಅಂಕ, 7 ಅಸಿಸ್ಟ್. ಉಳಿದ 51 ಪಂದ್ಯಗಳಲ್ಲಿ ತಂಡ ಒಂಬತ್ತನ್ನು ಗೆದ್ದು 10–72ರಲ್ಲಿ ಋತು ಮುಗಿಸಿತು. ಒಂಬತ್ತು ಗೆಲುವು ಹಿಗ್ಗುವಂಥ ಸಾಧನೆಯೇನಲ್ಲ, ಅದರ ಶ್ರೇಯಸ್ಸೆಲ್ಲ ಒಬ್ಬರದೂ ಅಲ್ಲ. ಆದರೂ ಮೂವತ್ತೊಂದಕ್ಕೆ ಒಂದು ಗೆಲ್ಲುತ್ತಿದ್ದ ತಂಡ ಆರಕ್ಕೆ ಒಂದರಂತೆ ಗೆಲ್ಲತೊಡಗಿದ್ದು ಕಣ್ಣಿಗೆ ಕಾಣುವ ಬದಲಾವಣೆ, ಮತ್ತು ಆ ನಡುವೆ ತಂಡದಲ್ಲಾದ ಅತಿದೊಡ್ಡ ಬದಲಾವಣೆ ಸ್ಮಿತ್ ಬಂದದ್ದು. ಮರುಬೇಸಿಗೆಯಲ್ಲಿ ಡೆಟ್ರಾಯ್ಟ್ ಮೂರು ವರ್ಷದ ಕರಾರು ಕೊಟ್ಟದ್ದು ಆ ಕೆಲಸವನ್ನು ನೋಡಿಯೇ ಎಂದು ನಾನು ತಿಳಿಯುತ್ತೇನೆ.

ಈ ವಿದ್ಯೆ ಒಬ್ಬರದೇ ಸ್ವತ್ತಲ್ಲ. 1995ರಲ್ಲಿ ಡ್ರಾಫ್ಟ್ ಆಗದೆ ಉಳಿದ ಕೆವಿನ್ ಓಲಿ, 1997ರಿಂದ 2010ರವರೆಗೆ 11 ಫ್ರಾಂಚೈಸಿಗಳಿಗೆ ಆಡಿದರು. ಲೆಬ್ರಾನ್ ಜೇಮ್ಸ್ ಅವರ ಮೊದಲ ಎನ್‌ಬಿಎ ಋತುವಿನಲ್ಲಿ ಓಲಿ ಕ್ಲೀವ್‌ಲ್ಯಾಂಡ್‌ನಲ್ಲಿದ್ದರು. ಕೊನೆಯ ಋತುವಿನಲ್ಲಿ ಒಕ್ಲಹೋಮ ಸಿಟಿಯಲ್ಲಿ ಕೆವಿನ್ ಡ್ಯುರಾಂಟ್ ಜೊತೆಗಿದ್ದರು. ಇಪ್ಪತ್ತೊಂದು ವಯಸ್ಸಿನ ಆಟಗಾರರ ಆ ತಂಡಕ್ಕೆ ಅಭ್ಯಾಸದ ಶಿಸ್ತನ್ನು ಕಲಿಸಿದವರು ಓಲಿ ಎಂದು ಡ್ಯುರಾಂಟ್ ಬಳಿಕ ಬಹಿರಂಗವಾಗಿಯೇ ಹೇಳಿದ್ದಾರೆ. ಅಂಕಪಟ್ಟಿಯಲ್ಲಿ ಓಲಿ ಹೆಸರಿನ ಮುಂದೆ ಆ ವರ್ಷ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಾಲ್ಕು ವರ್ಷಗಳ ನಂತರ, 2014ರಲ್ಲಿ, ತಾವು ಓದಿದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೋಚ್ ಆಗಿ ಅವರು ಏಳನೇ ಶ್ರೇಯಾಂಕದ ತಂಡವನ್ನು ರಾಷ್ಟ್ರೀಯ ಪ್ರಶಸ್ತಿಗೆ ಒಯ್ದರು. ಹತ್ತಾರು ಕೋಚ್‌ಗಳ ಕೈಕೆಳಗೆ ಹತ್ತಾರು ಬಗೆಯ ಆಟ ಕಲಿತವನು ಆ ತಿಳಿವಳಿಕೆಯನ್ನು ತಂಡದಿಂದ ತಂಡಕ್ಕೆ ದಾಟಿಸುತ್ತಾನೆ. ಅಲೆಯುವ ಆಟಗಾರನನ್ನು ತಂಡಗಳು ಮತ್ತೆ ಮತ್ತೆ ಕರೆಯುವುದಕ್ಕೆ ಇದೂ ಒಂದು ಕಾರಣ, ಅಂಕಗಳ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲದಿದ್ದರೂ.

ನನ್ನ ವಾದಕ್ಕೆ ಅತ್ಯಂತ ಬಲವಾದ ಆಕ್ಷೇಪ ಬೇರೆ ಇದೆ. ಸ್ಮಿತ್, ಓಲಿ, ಬ್ರೌನ್ ಇವರೆಲ್ಲ ಉಳಿದುಕೊಂಡವರು. ಅವರಷ್ಟೇ ವೇಗ, ಅವರಷ್ಟೇ ಶಿಸ್ತು ಇದ್ದೂ ಎರಡು ಹತ್ತು ದಿನಗಳ ಕರಾರು ಮುಗಿಸಿ ಕಣ್ಮರೆಯಾದವರು ನೂರಾರು ಮಂದಿ. ಉಳಿದವರನ್ನು ಮಾತ್ರ ನೋಡಿ ವಿದ್ಯೆ ಇತ್ತು, ಅದರಿಂದ ಉಳಿದರು ಎನ್ನುವುದು ಗೆದ್ದ ಲಾಟರಿ ಚೀಟಿ ನೋಡಿ ಕೊಂಡವನ ಜಾಣತನ ಹೊಗಳಿದ ಹಾಗಲ್ಲವೆ? ಈ ಮಾತಿನ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಛಲದ ಕಥೆ ನನಗೆ ಹಿಡಿಸುವುದಿಲ್ಲ. ಛಲ ಇದ್ದೂ ಹೋದವರಿಗೆ ಆ ಕಥೆ ಮಾಡುವುದು ಅನ್ಯಾಯ. ಆದರೆ ಉಳಿದ ಅರ್ಧದಲ್ಲಿ ಒಂದು ತೊಡಕಿದೆ. ಲಾಟರಿ ಒಮ್ಮೆ ಹೊಡೆಯಬಹುದು. 14 ಋತುಗಳಲ್ಲಿ ಬೇರೆ ಬೇರೆ ಆಡಳಿತ, ಬೇರೆ ಬೇರೆ ಕೋಚ್‌ಗಳು, ಹೊರಗೆ ಕಾದು ನಿಂತ ಎಷ್ಟೋ ಕಿರಿಯರನ್ನು ಬಿಟ್ಟು ಒಬ್ಬನನ್ನೇ ಮತ್ತೆ ಮತ್ತೆ ಕರೆದರೆ ಅದನ್ನು ಬರೀ ಅದೃಷ್ಟ ಎನ್ನಲಾಗದು. ಒಮ್ಮೆ ಆಡಿಸಿ ಬಿಟ್ಟ ಮೂರು ತಂಡಗಳು, ಫಿಲಡೆಲ್ಫಿಯಾ, ವಾಷಿಂಗ್ಟನ್, ಶಾರ್ಲೆಟ್, ಅವರನ್ನು ಇನ್ನೊಮ್ಮೆ ತರಿಸಿಕೊಂಡು ಆಡಿಸಿದವು. ಹತ್ತಿರದಿಂದ ಕಂಡವರೇ ವಾಪಸು ಕರೆದರು ಎಂಬುದು ಕಣ್ಣಾರೆ ಕಾಣದವರ ಊಹೆಗಿಂತ ತೂಕದ ಸಾಕ್ಷಿ.

ನಿಷ್ಠೆಯ ಪ್ರಶ್ನೆಯನ್ನೂ ಎತ್ತುವವರಿದ್ದಾರೆ. ಆಟಗಾರರು ಹೀಗೆ ಅಲೆಯುತ್ತಿದ್ದರೆ ಅಭಿಮಾನಿ ಯಾರನ್ನು ನೆಚ್ಚಬೇಕು, ಹಿಂದಿನ ಕಾಲವೇ ಚೆನ್ನಾಗಿತ್ತು ಎಂಬುದು ಅವರ ಕೊರಗು. ಹಿಂದಿನ ಕಾಲದಲ್ಲಿ ಆಟಗಾರ ಊರು ಬಿಡದೆ ಇದ್ದದ್ದು ಪ್ರೀತಿಯಿಂದಲೇ ಎಂದು ಹೇಳುವ ಹಾಗಿಲ್ಲ. ಕರಾರು ಮುಗಿದರೂ ಅವನ ಹಕ್ಕು ತಂಡದ ಕೈಯಲ್ಲೇ ಇರುತ್ತಿತ್ತು. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ 1970ರಲ್ಲಿ ಹೂಡಿದ ಮೊಕದ್ದಮೆ 1976ರಲ್ಲಿ ರಾಜಿಯಾದ ಮೇಲೆ ಆ ಬಿಗಿ ಸಡಿಲವಾಗತೊಡಗಿತು, ಯಾವ ಷರತ್ತೂ ಇಲ್ಲದೆ ಬೇರೆ ತಂಡ ಸೇರುವ ಸ್ವಾತಂತ್ರ್ಯ ಸಿಕ್ಕಿದ್ದು 1988ರಲ್ಲಿ. ಮೊಕದ್ದಮೆ ಹೂಡಿದ ವರ್ಷವೇ ರಾಬರ್ಟ್‌ಸನ್ ಅವರನ್ನೂ ಸಿನ್ಸಿನಾಟಿ ಮಿಲ್ವಾಕಿಗೆ ಕೊಟ್ಟುಬಿಟ್ಟಿತ್ತು. ಅದಕ್ಕಿಂತ ದೊಡ್ಡ ವಿಷಯ, ನಿಷ್ಠೆ ಕೇಳುವ ತಂಡಗಳೇ ಊರು ಬಿಟ್ಟವು. ಲೇಕರ್ಸ್ 1960ರಲ್ಲಿ ಮಿನಿಯಾಪೊಲಿಸ್‌ನಿಂದ ಲಾಸ್ ಏಂಜಲಿಸ್‌ಗೆ ಬಂದ ತಂಡ. ವಾರಿಯರ್ಸ್ 1962ರಲ್ಲಿ ಫಿಲಡೆಲ್ಫಿಯಾ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು. ಜಾಝ್ 1979ರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಯೂಟಾಗೆ, ಗ್ರಿಜ್ಲೀಸ್ 2001ರಲ್ಲಿ ವ್ಯಾಂಕೂವರ್‌ನಿಂದ ಮೆಂಫಿಸ್‌ಗೆ, ಸೂಪರ್‌ಸಾನಿಕ್ಸ್ 2008ರಲ್ಲಿ ಸಿಯಾಟಲ್‌ನಿಂದ ಒಕ್ಲಹೋಮ ಸಿಟಿಗೆ, ಅದೂ ಹೆಸರನ್ನೇ ಬದಲಿಸಿಕೊಂಡು. 12 ತಂಡಗಳ ಮ್ಯಾಸೆನ್‌ಬರ್ಗ್ ಅವರಿಗೆ ವ್ಯಾಂಕೂವರ್‌ನಿಂದ ಮೆಂಫಿಸ್‌ಗೆ ಹೋಗಲು ತಂಡ ಬದಲಿಸಬೇಕಾಗಲೇ ಇಲ್ಲ, ತಂಡವೇ ಅವರನ್ನು ಕರೆದುಕೊಂಡು ಹೋಯಿತು. ಸಿಯಾಟಲ್‌ನಲ್ಲೂ ಒಕ್ಲಹೋಮದಲ್ಲೂ ಆಡಿದ ಓಲಿಗೆ ದಾಖಲೆಯಲ್ಲಿ ಅದು ಒಂದೇ ತಂಡ. ಊರು ಬಿಡುವ ತಂಡವನ್ನು ವ್ಯವಹಾರ ಎಂದು ಕ್ಷಮಿಸಿ, ಊರು ಬಿಟ್ಟ ಆಟಗಾರನಿಗೆ ಚಂಚಲ ಎಂದು ಹೆಸರಿಡುವುದು ನ್ಯಾಯವಲ್ಲ.

ಇಷ್ಟೆಲ್ಲ ಹಣ ಪಡೆದವರಿಗೆ ಇಷ್ಟು ವಕಾಲತ್ತು ಏಕೆ ಎಂದು ಕೇಳಬಹುದು. ಡೆಟ್ರಾಯ್ಟ್ ಮತ್ತು ವಾಷಿಂಗ್ಟನ್ ಕರಾರುಗಳೆರಡೇ ಸೇರಿ 3 ಕೋಟಿ ಡಾಲರ್. ಇಲ್ಲಿ ಕೇಳುತ್ತಿರುವುದು ಕನಿಕರವನ್ನಲ್ಲ, ಲೆಕ್ಕ ಸರಿಯಾಗಲಿ ಎಂಬುದನ್ನು ಮಾತ್ರ. ಸಂಬಳ ಎಷ್ಟೇ ಇದ್ದರೂ ಒಬ್ಬನ ಕೆಲಸದ ಬಗ್ಗೆ ತಪ್ಪು ದಾಖಲೆ ತಪ್ಪೇ.

ಅಲೆದಾಟಕ್ಕೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಈಗ ಆಡುತ್ತಿರುವವರಲ್ಲೇ ಇನ್ನೂ ಒಳ್ಳೆಯ ಉದಾಹರಣೆ ಇದೆ. ಜರ್ಮನಿಯ ಡೆನಿಸ್ ಶ್ರೋಡರ್‌ಗೆ 2025ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ 10ನೇ ಎನ್‌ಬಿಎ ತಂಡವಾಯಿತು. ಅದೇ ಶ್ರೋಡರ್ ತಮ್ಮ ದೇಶದ ತಂಡದ ನಾಯಕ. 2023ರಲ್ಲಿ ಮನಿಲಾದಲ್ಲಿ ಸರ್ಬಿಯಾವನ್ನು 83–77ರಿಂದ ಸೋಲಿಸಿ ಜರ್ಮನಿ ವಿಶ್ವಕಪ್ ಗೆದ್ದಾಗ, 2025ರಲ್ಲಿ ರೀಗಾದಲ್ಲಿ ಟರ್ಕಿಯನ್ನು ಸೋಲಿಸಿ ಯುರೋಪಿನ ಚಾಂಪಿಯನ್ ಆದಾಗ, ಎರಡು ಸಲವೂ ಟೂರ್ನಿಯ ಶ್ರೇಷ್ಠ ಆಟಗಾರ ಅವರೇ. ವರ್ಷದ ಒಂಬತ್ತು ತಿಂಗಳು ಯಾರಿಗೂ ಕಾಯಂ ಆಗಿ ಬೇಡದವನು ಬೇಸಿಗೆಯಲ್ಲಿ ಒಂದು ದೇಶದ ತಂಡವನ್ನು ವರ್ಷಗಟ್ಟಲೆ ಕಟ್ಟಿ ನಿಲ್ಲಿಸುತ್ತಾನೆಂದರೆ, ವ್ಯತ್ಯಾಸ ಅವನಲ್ಲಿಲ್ಲ. ದೇಶದ ತಂಡದಲ್ಲಿ ಸಂಬಳದ ಮಿತಿ ಇಲ್ಲ, ತೂಕ ಸರಿದೂಗಿಸಲು ಆಟಗಾರನನ್ನು ಯಾರಿಗೂ ಕೊಡಲಾಗುವುದಿಲ್ಲ.

ಇಶ್ ಸ್ಮಿತ್ ದಾಖಲೆ ಶಾಶ್ವತವಲ್ಲ. ಒಂದು ವರ್ಷದ ಕರಾರುಗಳು ಹೆಚ್ಚಾಗಿರುವ ಈ ಲೀಗಿನಲ್ಲಿ ಯಾರಾದರೂ ಒಂದು ದಿನ 14ನೇ ಜೆರ್ಸಿ ತೊಡುತ್ತಾರೆ, ಅದು ಶ್ರೋಡರ್ ಅವರೇ ಆಗಬಹುದು. ಆಗ ಪತ್ರಿಕೆಗಳು ಹೊಸ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತವೆ, ಅವನಿಗೆ ಅಲೆಮಾರಿ ಎಂದು ಹೆಸರಿಡುತ್ತವೆ. ಓದುಗರು ಅಲ್ಲಿಗೆ ನಿಲ್ಲದೆ ಮೂರು ವಿಷಯ ವಿಚಾರಿಸಿದರೆ ಸಾಕು. ಅವನ ಕರಾರುಗಳು ಎಷ್ಟೆಷ್ಟು ಉದ್ದದವು, ಯಾರ ಬೆಲೆಗೆ ತೂಗಲು ಅವನನ್ನು ಕಳಿಸಿದರು, ಒಮ್ಮೆ ಆಡಿಸಿ ಬಿಟ್ಟವರಲ್ಲಿ ಎಷ್ಟು ಮಂದಿ ಮತ್ತೆ ಕರೆದು ಆಡಿಸಿದರು. ಮೊದಲ ಎರಡಕ್ಕೆ ಸಿಗುವ ಉತ್ತರ ಲೀಗಿನ ಬಗ್ಗೆ ಇರುತ್ತದೆ, ಮೂರನೆಯದಕ್ಕೆ ಸಿಗುವ ಉತ್ತರ ಆಟಗಾರನ ಬಗ್ಗೆ. ಇಶ್ ಸ್ಮಿತ್ ವಿಷಯದಲ್ಲಿ ಆ ಉತ್ತರ ಮೂರು ತಂಡ, ಮತ್ತು ಅವರ ಆಟವನ್ನು ಅಳೆಯಲು 13ಕ್ಕಿಂತ ಆ ಮೂರೇ ಸರಿಯಾದ ಅಂಕಿ.